ಈಜು ಬಂದವರಿಗೂ ಬೆಂಡು ಬೇಕು

ನಲ್ಲೂರು, ಚನ್ನಗಿರಿ ಸೀಮೆಯ ಹಳ್ಳಿಗಳಲ್ಲಿ ಈಜು ಕಲಿಯುವುದೆಂದರೆ ಬೆನ್ನಿಗೆ ಬೆಂಡು ಕಟ್ಟಿಕೊಂಡು ಬಾವಿಗೋ ಕೆರೆಗೋ ಇಳಿಯುವುದು. ಬೆಂಡು ಸಿಗದಿದ್ದರೆ ಒಣಗಿದ ಸೋರೆಬುರುಡೆ, ಈಚೆಗೆ ಖಾಲಿ ಪ್ಲಾಸ್ಟಿಕ್ ಕ್ಯಾನು. ಕೈಕಾಲು ಹದಕ್ಕೆ ಬಂದವೆಂದರೆ ಬೆಂಡು ಬಿಚ್ಚುತ್ತಾರೆ. ಅಂದಿನಿಂದ ಹುಡುಗ ಈಜುಗಾರ. ನೀರಿನ ಮೇಲೆ ಲೈಫ್ ಜಾಕೆಟ್ ತೊಡಲು ನಮ್ಮವರು ಹಿಂಜರಿಯುವುದರ ಬೇರು ಇಲ್ಲೇ ಇದೆ ಎಂದು ನನಗೆ ತೋರುತ್ತದೆ. ತೇಲಿಸುವ ವಸ್ತುವೆಂದರೆ ಕಲಿಯುವವನ ಗುರುತು ಎಂಬುದು ಮನಸ್ಸಿನಲ್ಲಿ ಕೂತುಬಿಟ್ಟಿದೆ. ಸೂಳೆಕೆರೆಯಲ್ಲಿ ಹರಿಗೋಲು ಹಾಕುವವರನ್ನು ಕೇಳಿ, ಹೊನ್ನಾಳಿ ಕಡೆ ತುಂಗಭದ್ರೆಯಲ್ಲಿ ಬಲೆ ಬಿಡುವವರನ್ನು ಕೇಳಿ, ಬರುವ ಉತ್ತರ ಒಂದೇ: ಈಜು ಬರುತ್ತಲ್ಲ, ಅದ್ಯಾಕೆ? ಓದಿದವರು ಇದನ್ನೇ ನಯವಾಗಿ ಹೇಳುತ್ತಾರೆ. ನಮ್ಮ ನೀರು ಬೆಚ್ಚಗಿನದು, ನೀರಿಗೆಂದೇ ಉಡುಪು ಹುಡುಕುವುದು ಚಳಿದೇಶದವರ ಪಾಡು, ಎಂದು. ಎರಡೂ ಮಾತು ತಪ್ಪು. ಜೀವಕ್ಕೆ ಎರವಾಗುವಂಥ ತಪ್ಪು.

ಚಳಿದೇಶದವರ ಪಾಡನ್ನೇ ಮೊದಲು ನೋಡೋಣ. ಬ್ರಿಟನ್ನಿನ ಕೆರೆ, ಜಲಾಶಯಗಳಲ್ಲಿ ಡಿಂಗಿ ಎಂಬ ಪುಟ್ಟ ಹಾಯಿದೋಣಿಗಳನ್ನು ಜನವರಿಯಲ್ಲೂ ನಡೆಸುತ್ತಾರೆ. ಅಲ್ಲಿ ನೆಲೆಸಿದ ಕನ್ನಡದ ಮನೆಯ ಮಗುವೊಂದು ಈ ಆಟಕ್ಕೆ ಇಳಿದರೆ ತಂದೆತಾಯಿಗಳಿಗೆ ಎದುರಾಗುವ ಮೊದಲ ಪ್ರಶ್ನೆ ವೆಟ್‌ಸೂಟ್ ಕೊಡಿಸಬೇಕೋ ಡ್ರೈಸೂಟ್ ಕೊಡಿಸಬೇಕೋ ಎಂಬುದು. ವೆಟ್‌ಸೂಟ್ ಎಂದರೆ ಮೈಗೆ ಅಂಟಿಕೊಂಡು ಕೂರುವ ನಿಯೋಪ್ರೀನ್ ರಬ್ಬರಿನ ಉಡುಪು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ 1950ರ ದಶಕದ ಆರಂಭದಲ್ಲಿ ಇದನ್ನು ರೂಪಿಸಿದ. ಒಳಗೆ ಸೇರಿದ ತೆಳು ನೀರಿನ ಪದರವೇ ಬೆಚ್ಚಗಿಡುತ್ತದೆ ಎಂದು ಹಲವರು ನಂಬಿದ್ದಾರೆ. ನಿಜವಾಗಿ ಕೆಲಸ ಮಾಡುವುದು ರಬ್ಬರಿನೊಳಗೆ ಸೆರೆಯಾಗಿರುವ ಸಣ್ಣ ಸಣ್ಣ ಅನಿಲದ ಗುಳ್ಳೆಗಳು; ಒಳಗಿನ ನೀರು ಓಡಾಡದೆ ನಿಂತಿದ್ದರೆ ಸಾಕು. ಡ್ರೈಸೂಟ್ ಬೇರೆಯೇ ಜಾತಿ. ಕತ್ತು ಮತ್ತು ಮಣಿಕಟ್ಟಿನಲ್ಲಿ ಬಿಗಿಯಾದ ರಬ್ಬರು ಪಟ್ಟಿಗಳಿರುವ, ನೀರು ನುಸುಳದ ತೆಳು ಬಟ್ಟೆಯ ಚೀಲ ಅದು. ಈ ಚೀಲಕ್ಕೆ ಸ್ವಂತ ಶಾಖವಿಲ್ಲ. ಒಳಗೆ ಉಣ್ಣೆಯದೋ ಫ್ಲೀಸಿನದೋ ಅಂಗಿ ತೊಡದೆ ಡ್ರೈಸೂಟ್ ಹಾಕಿದವನು ನೀರಿಗೆ ಬಿದ್ದರೆ, ಒಣಗಿದ ಮೈಯಲ್ಲೇ ನಡುಗುತ್ತಾನೆ.

ಆದ್ದರಿಂದ ಚಳಿಗಾಲವೆಂದರೆ ಡ್ರೈಸೂಟ್, ದುಬಾರಿಯದೇ ಒಳ್ಳೆಯದು ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಲೇಸರ್ ಎಂಬ 4.23 ಮೀಟರಿನ ಒಂಟಿಯಾಳಿನ ದೋಣಿ ಮಗುಚುವುದು ಆಟದ ಭಾಗ. ದಡದ ಹತ್ತಿರ, ಕಾವಲು ದೋಣಿಯ ಕಣ್ಣಳತೆಯಲ್ಲಿ, ಮತ್ತೆ ಮತ್ತೆ ಬಿದ್ದೇಳುತ್ತಾ ಆಡುವ ಹುಡುಗನಿಗೆ ದಪ್ಪನೆಯ ವೆಟ್‌ಸೂಟ್ ಸಾಕು. ಕೈಕಾಲು ಸಲೀಸಾಗಿ ಆಡುತ್ತದೆ, ಹರಿದರೂ ಬೆಚ್ಚಗಿಡುತ್ತದೆ, ತಾನೇ ಒಂದಿಷ್ಟು ತೇಲಿಸುತ್ತದೆ. ದೋಣಿಗೆ ಹತ್ತಿದ ಮೇಲೆ ಒದ್ದೆ ಮೈಗೆ ಗಾಳಿ ಬಡಿದು ಶಾಖ ಹಾರಿಹೋಗುವುದು ಅದರ ದೊಡ್ಡ ಕೊರತೆ. ಮೇಲೊಂದು ಗಾಳಿ ತಡೆಯುವ ಅಂಗಿ ಹಾಕಿದರೆ ಅದೂ ತಗ್ಗುತ್ತದೆ. ದಡದಿಂದ ದೂರ ಹೋಗುವವನಿಗೆ, ಬಿದ್ದರೆ ಹೊತ್ತು ಕಾಯಬೇಕಾದವನಿಗೆ ಡ್ರೈಸೂಟೇ ಬೇಕು. ಅದರ ಕತ್ತುಪಟ್ಟಿ ಹರಿದು ನೀರು ತುಂಬಿದರೆ ಕಲ್ಲಿನಂತೆ ಮುಳುಗುತ್ತಾರೆ ಎಂಬ ಭಯಕ್ಕೆ ಆಧಾರವಿಲ್ಲ. ನೀರಿನೊಳಗೆ ನೀರಿಗೆ ಭಾರವಿಲ್ಲ. ಮೇಲೆ ಹತ್ತುವಾಗ ಮಾತ್ರ ಆ ಭಾರ ಕೈ ಸೋಲಿಸುತ್ತದೆ. ಹೀಗೆ ಆಯ್ಕೆ ನಿಲ್ಲುವುದು ಎರಡು ಪ್ರಶ್ನೆಗಳ ಮೇಲೆ: ಬೀಳುವ ನೀರು ಎಷ್ಟು ತಣ್ಣಗಿದೆ, ಎತ್ತುವವರು ಬರಲು ಎಷ್ಟು ಹೊತ್ತು. ದಡದ ಮೇಲಿನ ಬಿಸಿಲಿಗೂ ಇದಕ್ಕೂ ಸಂಬಂಧವಿಲ್ಲ.

ಈ ವಾದದಲ್ಲಿ ಯಾವ ಕಡೆಯವರೂ ಬಿಡದ ಒಂದು ವಸ್ತುವಿದೆ. ಯಾವ ಸೂಟಾದರೂ ಅದರ ಮೇಲೆ ತೇಲುವ ಜಾಕೆಟ್ ಇರಲೇಬೇಕು. ಅವರೆಲ್ಲ ಈಜು ಬಲ್ಲವರು. ಆದರೂ ತೊಡುತ್ತಾರೆ. ಬ್ರಿಟನ್ನಿನ ಗೃಹ ಇಲಾಖೆಯ 1977ರ ವರದಿಯೊಂದು ಅಲ್ಲಿನ ಕೆರೆ, ಹೊಳೆ, ಕಡಲುಗಳಲ್ಲಿ ಮುಳುಗಿ ಸತ್ತವರ ಲೆಕ್ಕ ತೆಗೆದಿತ್ತು. ಅರ್ಧಕ್ಕಿಂತ ಹೆಚ್ಚು ಸಾವು ದಡ ಅಥವಾ ಬೇರಾವುದೋ ಆಸರೆಯಿಂದ ಮೂರು ಮೀಟರಿನೊಳಗೆ ಆಗಿತ್ತು. ಸತ್ತವರಲ್ಲಿ ಮೂರರಲ್ಲಿ ಎರಡು ಪಾಲು ಒಳ್ಳೆಯ ಈಜುಗಾರರೆನಿಸಿಕೊಂಡವರು. ಕಾರಣವನ್ನು ಮುಂದೆ ಪೋರ್ಟ್ಸ್‌ಮತ್ತಿನ ಮೈಕ್ ಟಿಪ್ಟನ್ ಮೊದಲಾದವರು ಬಿಡಿಸಿ ತೋರಿಸಿದರು. ತಣ್ಣೀರು ಥಟ್ಟನೆ ಚರ್ಮಕ್ಕೆ ತಗುಲಿದಾಗ ಮನುಷ್ಯ ತಡೆಯಲಾರದೆ ಬಾಯಿತೆರೆದು ಉಸಿರೆಳೆದುಕೊಳ್ಳುತ್ತಾನೆ. ಆ ಕ್ಷಣ ಬಾಯಿ ನೀರಿನೊಳಗಿದ್ದರೆ ಅಲ್ಲಿಗೇ ಮುಗಿಯಿತು. ಕೆನಡಾದ ಗಾರ್ಡನ್ ಗೀಸ್‌ಬ್ರೆಕ್ಟ್ ಹೇಳುವ ಲೆಕ್ಕ ಹೀಗಿದೆ: ಕೊರೆಯುವ ನೀರಿನಲ್ಲಿ ಉಸಿರು ಹಿಡಿತಕ್ಕೆ ಬರಲು ಒಂದು ನಿಮಿಷ, ಕೈಕಾಲು ಮಾತು ಕೇಳುವುದು ಹತ್ತು ನಿಮಿಷ, ಎಚ್ಚರ ತಪ್ಪುವುದಕ್ಕೆ ಸುಮಾರು ಒಂದು ಗಂಟೆ. ಅಂದರೆ ಚಳಿಯಿಂದ ಸಾಯುವುದಕ್ಕೆ ಬಹಳ ಮೊದಲೇ ಈಜು ಕೈಕೊಡುತ್ತದೆ.

ನಮ್ಮ ನೀರು ಅಷ್ಟು ತಣ್ಣಗಿಲ್ಲ, ನಿಜ. ಸೂಳೆಕೆರೆಯ ಮೇಲೆ ಡ್ರೈಸೂಟ್ ಹಾಕಿದವನು ಬೆವರಿನಲ್ಲೇ ಮುಳುಗುತ್ತಾನೆ. ಆದರೆ ಬೆಚ್ಚಗಿನದು ಎಂಬ ಮಾತಿಗೂ ಮಿತಿಯಿದೆ. ಬರಿಮೈಯ ಮನುಷ್ಯ ಸುಮ್ಮನೆ ಕೂತು ಶಾಖ ಕಳೆದುಕೊಳ್ಳದೆ ಇರಬೇಕಾದರೆ ನೀರು 33ರಿಂದ 35 ಡಿಗ್ರಿ ಇರಬೇಕು. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಒಯ್ಯುತ್ತದೆ. ಉಸಿರು ಕಟ್ಟಿಸುವ ಆ ತಣ್ಣೀರಿನ ಪೆಟ್ಟು ಕೂಡ 10-15 ಡಿಗ್ರಿಯಲ್ಲಿ ತೀವ್ರವಾದರೂ ಸುಮಾರು 25ರ ಕೆಳಗೇ ಮೆಲ್ಲಗೆ ಶುರುವಾಗುತ್ತದೆ. ಪುಷ್ಯದ ಬೆಳಗಿನ ಜಾವ ಸೊಂಟಮಟ್ಟ ನೀರಲ್ಲಿ ನಿಂತು ಬಲೆ ಎಳೆಯುವವರ ಬೆರಳು ಮರಗಟ್ಟುವುದು ಸುಮ್ಮನಲ್ಲ. ಅವರಿಗೆ ಎರಡು ಮಿಲಿಮೀಟರಿನ ತೆಳು ವೆಟ್‌ಸೂಟ್ ಬನಿಯನ್ನು ಸಿಕ್ಕರೆ ನಿಜಕ್ಕೂ ಉಪಕಾರ. ಎರಡು ಸೂಟುಗಳ ನಡುವೆ ನಮ್ಮ ಸೀಮೆಗೆ ಆರಿಸಿಕೊಳ್ಳುವುದಾದರೆ ಇಷ್ಟೇ, ಅದೂ ಜಾಕೆಟ್ ಬಂದ ಮೇಲೆ.

ಚಳಿಯೊಂದೇ ಅಪಾಯವಲ್ಲ, ಸೂಳೆಕೆರೆಯನ್ನೇ ನೋಡಿ. ಎರಡು ಗುಡ್ಡಗಳ ನಡುವೆ ಹರಿದ್ರಾ ಹಳ್ಳಕ್ಕೆ ಏರಿ ಕಟ್ಟಿ ನಿಲ್ಲಿಸಿದ ನೀರು ಆರು ಸಾವಿರ ಎಕರೆಗೂ ಮೀರಿ ಹರಡಿದೆ. ಅಷ್ಟು ಬಯಲಾದ ನೀರಿನ ಮೇಲೆ ಗಾಳಿ ಎದ್ದರೆ ಅಲೆ ಹೇಗೆ ಬೆಳೆಯುತ್ತದೆ ಎಂಬುದು ಅಲ್ಲಿ ಮೀನು ಹಿಡಿಯುವವರಿಗೇ ಗೊತ್ತು. ಹರಿಗೋಲಿಗೆ ಮುಂದೆ ಹಿಂದೆಗಳಿಲ್ಲ, ಅಡಿಗಂಬಿಯೂ ಇಲ್ಲ. ಬಲೆ ಎಳೆಯಲು ಒಂದೇ ಅಂಚಿಗೆ ಬಾಗಿದಾಗ ಅದು ವಾಲುತ್ತದೆ. ಲೇಸರ್ ಮಗುಚಿದರೆ ಅದರ ನಡುಹಲಗೆಯ ಮೇಲೆ ನಿಂತು ಮೈಭಾರ ಹಾಕಿ ಎಬ್ಬಿಸಬಹುದು. ನೀರು ತುಂಬಿದ ಹರಿಗೋಲನ್ನು ಆಳದಲ್ಲಿ ಒಬ್ಬನೇ ಎಬ್ಬಿಸುವುದು ಆಗದ ಮಾತು. ಆಟಕ್ಕೆ ಹೋಗುವವನು ಬೀಳುತ್ತೇನೆಂದು ಗೊತ್ತಿದ್ದೇ ಉಡುಪು ತೊಡುತ್ತಾನೆ. ಹೊಟ್ಟೆಪಾಡಿಗೆ ಹೋಗುವವನು, ಹೆಚ್ಚು ಅಪಾಯದ ದೋಣಿಯಲ್ಲಿ, ಬೀಳುವುದಿಲ್ಲವೆಂಬ ನಂಬಿಕೆಯಲ್ಲಿ ಲುಂಗಿ, ಸ್ವೆಟರ್, ಕೆಲವೊಮ್ಮೆ ಗಮ್‌ಬೂಟು ಹಾಕಿ ಹೊರಡುತ್ತಾನೆ. ಸ್ವೆಟರ್ ಮುಳುಗಿಸುವುದಿಲ್ಲ. ಕಾಲಿಗೆ ಸುತ್ತುವ ಲುಂಗಿ ಮತ್ತು ಬಲೆ, ಇವೆರಡರ ಮುಂದೆ ಯಾವ ಈಜೂ ನಡೆಯುವುದಿಲ್ಲ.

2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡದ ನರಸಿಂಹ ಜಾತ್ರೆ ಮುಗಿಸಿ ಮರಳುತ್ತಿದ್ದ ಕಿಕ್ಕಿರಿದ ದೋಣಿ ಮಗುಚಿ 16 ಜನ ತೀರಿಕೊಂಡರು. ಹತ್ತಿರದಲ್ಲಿದ್ದ ದೋಣಿಗಳವರು ಕೈಗೆ ಸಿಕ್ಕವರನ್ನು ಎತ್ತಿದರು. ಎತ್ತುವವರು ಬರುವ ತನಕ ಮುಖ ನೀರಿನ ಮೇಲಿರುವುದೇ ಉಳಿವು. ಆ ಕೆಲಸ ತೋಳಿನದಲ್ಲ, ಬೆಂಡಿನದು.

ಬೆಸ್ತರ ಆಕ್ಷೇಪವನ್ನು ತಳ್ಳಿಹಾಕುವವರನ್ನೂ ನಾನು ಒಪ್ಪುವುದಿಲ್ಲ. ಪ್ರವಾಸಿ ದೋಣಿಗಳಲ್ಲಿ ಕೊಡುವ ಆ ದಪ್ಪ ಕಿತ್ತಳೆ ಜಾಕೆಟ್ ತೊಟ್ಟು ಬೀಸುಬಲೆ ಎಸೆಯಲು ಆಗುವುದೇ ಇಲ್ಲ. ಕತ್ತಿಗೆ ಒತ್ತುತ್ತದೆ, ಬಕಲ್ಲುಗಳಿಗೆ ಬಲೆಯ ಕಣ್ಣು ಸಿಕ್ಕುತ್ತದೆ, ಮಧ್ಯಾಹ್ನಕ್ಕೆ ಕುದಿಯುತ್ತದೆ. ಅವರು ಅದನ್ನು ಬಿಚ್ಚಿ ಹರಿಗೋಲಿನ ತಳಕ್ಕೆ ಎಸೆದರೆ ತಪ್ಪು ಜಾಕೆಟ್ಟಿನದು. ಡಿಂಗಿ ನಡೆಸುವವರು ತೊಡುವುದು ಬೇರೆ ಬಗೆಯದು: ತೋಳಿನ ಬಳಿ ಅಗಲವಾಗಿ ತೆರೆದ, ಸೊಂಟದ ಮೇಲಕ್ಕೇ ನಿಲ್ಲುವ, ಪಕ್ಕದಲ್ಲಿ ಜಿಪ್ ಇರುವ, ಹೊರಗೆ ಏನೂ ಚಾಚಿಕೊಳ್ಳದ ತೆಳು ಜಾಕೆಟ್. ಅದರ ತೇಲುಬಲ 50 ನ್ಯೂಟನ್. ಎಚ್ಚರವಿರುವ ಈಜುಗಾರನಿಗೆಂದೇ ಮಾಡಿದ್ದು ಅದು. ಎಚ್ಚರ ತಪ್ಪಿದವನ ಮುಖ ಮೇಲಕ್ಕೆ ತಿರುಗಿಸಲು ಅದರಿಂದಾಗದು, ಅದಕ್ಕೆ 150ರದ್ದು ಬೇಕು. ಬಲೆಯವನು ದಿನವೂ ತೊಡುವ 50, ಮನೆಯಲ್ಲಿ ಮೊಳೆಗೆ ತೂಗುವ 150ಕ್ಕಿಂತ ಮೇಲು.

ರಾಜ್ಯದ ಮೀನುಗಾರಿಕೆ ಇಲಾಖೆ ಒಳನಾಡು ಮೀನುಗಾರರಿಗೆ ಸಹಾಯಧನದಲ್ಲಿ ಫೈಬರ್ ಹರಿಗೋಲು ಕೊಡುತ್ತದೆ, ಬಲೆ ಮತ್ತು ಸಲಕರಣೆಗಳ ಕಿಟ್ಟು ಕೊಡುತ್ತದೆ. ಹರಿಗೋಲಿಗೆ ಹತ್ತುವ ಪ್ರತಿಯೊಬ್ಬನಿಗೂ ಇಂಥ ತೆಳು ಜಾಕೆಟ್ಟನ್ನು ಅದರೊಂದಿಗೇ ಕೊಡಬೇಕು. ಒಂದೇ ಅಳತೆಯದನ್ನು ಮೂಟೆಗಟ್ಟಲೆ ತಂದು ಹಂಚಿದರೆ ಆಗದು. ಸಡಿಲವಾದ ಜಾಕೆಟ್ ಬಿದ್ದ ಕೂಡಲೇ ಕಿವಿಯವರೆಗೆ ಏರಿ ಮನುಷ್ಯನನ್ನು ಕೆಳಗೆ ಬಿಡುತ್ತದೆ. ಅಳತೆ ನೋಡಿ, ಅದನ್ನು ತೊಡಿಸಿ, ಕೈಗೆ ಬೀಸುಬಲೆ ಕೊಟ್ಟು ಏರಿಯ ಪಕ್ಕದ ನೀರಿನಲ್ಲಿ ಎಸೆಸಿ ನೋಡಬೇಕು. ಯಾವ ಮಾದರಿ ಕೊಳ್ಳಬೇಕೆಂಬುದನ್ನು ಟೆಂಡರು ಬರೆಯುವವರಿಗಿಂತ ಮೊದಲು ಬಲೆ ಎಸೆಯುವವರು ಹೇಳಬೇಕು.