ಶಿರಾದ 12,000 ಕುಟುಂಬಗಳು

ಬಿ. ಎಲ್. ರೈಸ್ ಅವರು 1897ರಲ್ಲಿ ಪರಿಷ್ಕರಿಸಿದ ಮೈಸೂರು ಗೆಜೆಟಿಯರ್ ಶಿರಾದ ಸುಬೇದಾರರನ್ನೂ ಅವರ ಕಟ್ಟಡ, ಉದ್ಯಾನಗಳನ್ನೂ ಸಾವಧಾನವಾಗಿ ವರ್ಣಿಸುತ್ತದೆ. ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣದ ದ್ವೀಪದ ಶಹರ್ ಗಂಜಾಮಿನಲ್ಲಿ ಜನವಸತಿ ಕಲ್ಪಿಸಲು ಇಲ್ಲಿಂದ 12,000 ಕುಟುಂಬಗಳನ್ನು ಬಲವಂತವಾಗಿ ಸಾಗಿಸಿದ ಸಂಗತಿಗಾದರೋ ಅಲ್ಲಿ ದೊರೆತಿರುವುದು ಒಂದೇ ವಾಕ್ಯ.

ಇದೇ ಸೀಮೆಯ ಇನ್ನೊಂದು ಸೆರೆಯನ್ನು ಹೋಲಿಸಿ ನೋಡಬೇಕು. 1763ರಲ್ಲಿ ಬಿದನೂರು ಹೈದರಾಲಿಯ ವಶವಾದ ಮೇಲೆ ಕೆಳದಿಯ ರಾಣಿ ವೀರಮ್ಮಾಜಿಯನ್ನು ಮಧುಗಿರಿಯ ಕೋಟೆಯಲ್ಲಿ ಇರಿಸಲಾಯಿತು. 1767ರಲ್ಲಿ ಮರಾಠರು ಬಿಡಿಸಿದರು. ಆಕೆಯ ಹೆಸರು, ಸೆರೆ, ಬಿಡುಗಡೆ ಎಲ್ಲವೂ ದಾಖಲೆಯಲ್ಲಿವೆ. ಶಿರಾದಿಂದ ಹೊರಟವರಲ್ಲಿ ಮುದುಕರೆಷ್ಟು, ಬಾಣಂತಿಯರೆಷ್ಟು, ನೆರೆಮನೆಯವರು ಜೊತೆಯಾಗಿಯೇ ನಡೆದರೇ ಎಂಬುದನ್ನು ಗೆಜೆಟಿಯರ್ ಕೇಳುವುದಿಲ್ಲ. (ಅಷ್ಟು ದುಂಡಾದ ಸಂಖ್ಯೆ ಮನೆ ಮನೆ ಎಣಿಸಿ ಬರೆದುದಾಗಿ ತೋರದು.) ದೊರೆಯ ಮತವನ್ನು ಹಿಡಿದು ವಾದಕ್ಕಿಳಿಯುವ ಉಭಯಪಕ್ಷದವರೂ ಆ ಕುಟುಂಬಗಳ ಕಡೆ ತಿರುಗಿ ನೋಡುವುದಿಲ್ಲ.

ಊರು ಬಿಟ್ಟವರು ಮನೆದೇವರನ್ನು ಬಿಡುವುದಿಲ್ಲ. ತಲೆಮಾರುಗಳು ಕಳೆದರೂ ಜಾತ್ರೆಗೆ ಬರುತ್ತಾರೆ. ಸಂಬಂಧ ಬೆಳೆಸುವಾಗ ಮೂಲಸ್ಥಾನವನ್ನು ವಿಚಾರಿಸುತ್ತಾರೆ. ಪರಸ್ಥಳದಲ್ಲಿ ಒಬ್ಬರಿಗೊಬ್ಬರು ಆಸರೆಯಾದುದಕ್ಕೆ, ಮರಳುವ ಆಸೆ ಆರದೆ ಉಳಿದುದಕ್ಕೆ ಗುರುತು ಎಲ್ಲಿಯಾದರೂ ಇದ್ದರೆ ಅದು ಇಂಥಲ್ಲಿಯೇ ಇರಬೇಕು. ಆದಕಾರಣ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳ ದೇವಾಲಯ, ಬಸದಿಗಳಲ್ಲಿ ಹಳೆಯ ಒಕ್ಕಲು ಪಟ್ಟಿಗಳಿದ್ದರೆ ಅವನ್ನು ಗಂಜಾಮಿನ ಮನೆತನಗಳ ನೆನಪುಗಳೊಡನೆ ಇಟ್ಟು ಓದುವ ಕೆಲಸ ನಡೆಯಬೇಕಾಗಿದೆ. ಗೆದ್ದಲು ಹತ್ತುವ ಮೊದಲು ಧರ್ಮದರ್ಶಿಗಳು ಆ ವಹಿಗಳ ಗಂಟನ್ನು ಬಿಚ್ಚಿಸಲಿ.