ನಂದಿಬೆಟ್ಟದ ಮನೆಮಗ

ಚಳಿಗಾಲದಲ್ಲಿ ಬೈನಾಕ್ಯುಲರ್ ನೇತುಹಾಕಿಕೊಂಡು ನಂದಿಬೆಟ್ಟ ಹತ್ತುವವರ ಕಣ್ಣೆಲ್ಲ ಹಿಮಾಲಯದಿಂದ ಬಂದ ನೆಂಟರ ಮೇಲೆ. ತುದಿಯ ತೋಟದಲ್ಲಿ ನೀಲಿ ರಾಬಿನ್ನು, ನೊಣಹಿಡುಕಗಳ ಫೋಟೊ ಹಿಡಿದು, ತಿಂಡಿ ತಿಂದು ಇಳಿದುಬಿಡುತ್ತಾರೆ. ಬೇಡವೆನ್ನಲಾರೆ. ಆದರೆ ಆ ನೆಂಟರು ಬೇರೆಡೆಯೂ ಸಿಕ್ಕಾರು. ಬೆಟ್ಟದ ಮನೆಮಗ ಹಳದಿ ಕೊರಳಿನ ಪಿಕಳಾರ ಮಾತ್ರ ದಕ್ಷಿಣ ಭಾರತದ ಬಂಡೆಗುಡ್ಡಗಳನ್ನು ಬಿಟ್ಟರೆ ಲೋಕದಲ್ಲಿ ಇನ್ನೆಲ್ಲೂ ಇಲ್ಲ. ಇದನ್ನು 1845ರಲ್ಲಿ ಶಾಸ್ತ್ರಲೋಕಕ್ಕೆ ಪರಿಚಯಿಸಿದವನು ಮದ್ರಾಸ್ ಸೇನೆಯ ವೈದ್ಯ ಥಾಮಸ್ ಜರ್ಡನ್.

ನನ್ನ ಮಟ್ಟಿಗೆ ಇದಕ್ಕೆ ಸರಿಯಾದ ಜಾಗ ಸುಲ್ತಾನ್‌ಪೇಟೆ ಕಡೆಯಿಂದ ಹತ್ತುವ ಹಳೇ ಮೆಟ್ಟಿಲುದಾರಿ. ಬಂಡೆ, ಬಂಡೆಯ ಸಂದಿಗೆ ಬೇರಿಳಿಸಿದ ಗೋಣಿಮರ, ಸುತ್ತ ಲಂಟಾನ ಪೊದೆ ಕಂಡಲ್ಲಿ ಕಾಲು ನಿಲ್ಲಿಸಬೇಕು. ನಾನು ಮೊದಲು ನೋಡುವುದು ಹಣ್ಣು ಬಿಟ್ಟಿದೆಯೇ ಎಂದು. ಬಿಟ್ಟಿದ್ದರೆ ಮೆಟ್ಟಿಲ ಮೇಲೆ ಕೂತುಬಿಡುತ್ತೇನೆ. ಮೊದಲು ಬಂದು ಗಲಾಟೆ ಎಬ್ಬಿಸುವುದು ಕೆಮ್ಮೀಸೆ ಪಿಕಳಾರ. ಅದಕ್ಕೆ ಸಂಕೋಚವೆಂಬುದೇ ಇಲ್ಲ. ನಮ್ಮ ಹಕ್ಕಿ ಹಾಗಲ್ಲ. ಎಲೆಮರೆಯಲ್ಲೇ ಬಂದು, ನಾಲ್ಕು ಹಣ್ಣು ನುಂಗಿ, ಇಳಿಜಾರಿನ ಪೊದೆಗೆ ಜಾರಿಕೊಳ್ಳುತ್ತದೆ.

ಇಲ್ಲೊಂದು ತೊಡಕಿದೆ. ಬಿಳಿಹುಬ್ಬಿನ ಪಿಕಳಾರವೂ ಇಂಥದೇ ಕುರುಚಲಿನಲ್ಲಿರುತ್ತದೆ. ಎರಡರ ದನಿಯೂ ಒಂದಕ್ಕೊಂದು ಹತ್ತಿರ. ಗಂಟಲು ಕಟ್ಟಿದವರು ಅವಸರದಲ್ಲಿ ಹರಟಿದಂತಿರುತ್ತದೆ. ಕಿವಿಯನ್ನಷ್ಟೇ ನಂಬಿ ಪಟ್ಟಿಯಲ್ಲಿ ಹೆಸರು ಬರೆದುಕೊಳ್ಳುವವರನ್ನು ನಾನು ನಂಬುವುದಿಲ್ಲ. ಜುಟ್ಟಿಲ್ಲದ ಹಳದಿ ತಲೆ, ಹಳದಿ ಕೊರಳು, ಬೂದು ಎದೆ, ಬಾಲದ ಬುಡದಡಿ ಮತ್ತೆ ಹಳದಿ: ಇಷ್ಟೂ ಕಾಣಬೇಕು. ಹಾರಿಹೋಗುವಾಗ ಬಾಲದ ತುದಿಯ ಮಸುಕು ಅಂಚು ಕಂಡರೂ ನಡೆದೀತು.

ಮೊಬೈಲಿನಲ್ಲಿ ಕೂಗು ಹಾಕಿ ಕರೆಸುವ ಚಾಳಿ ಈಗ ಎಲ್ಲೆಡೆ ಇದೆ. ತನ್ನ ಜಾಗಕ್ಕೆ ಎದುರಾಳಿ ಬಂದನೆಂದು ಹಕ್ಕಿ ಮೇವು ಬಿಟ್ಟು ಓಡಿಬರುತ್ತದೆ. ಮರಿ ಮಾಡುವ ಕಾಲದಲ್ಲಂತೂ ಇದು ಶುದ್ಧ ಪೀಡೆ. ಕಲ್ಲುಗಣಿಗಾರಿಕೆ, ಬೇಸಿಗೆಯ ಬೆಂಕಿಗಳಿಂದ ಈಗಾಗಲೇ ನೆಲೆ ಕಳೆದುಕೊಳ್ಳುತ್ತಿರುವ ಹಕ್ಕಿಯಿದು. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲೂ ಇದರ ಹೆಸರಿದೆ.

ಶನಿವಾರ, ಭಾನುವಾರ ಬಿಟ್ಟು ಹೋಗಿ. ನಂದಿಯಲ್ಲಿ ಸಿಗದಿದ್ದರೆ ರಾಮನಗರದ ರಾಮದೇವರ ಬೆಟ್ಟವಿದೆ, ದೂರವಾದರೂ ಅಡ್ಡಿಯಿಲ್ಲವೆಂದರೆ ಹಂಪಿಯ ಬಂಡೆಗಳಿವೆ.