ನಿಷಿದ್ಧ ಪ್ರಣಯವೂ ಪಾಪಪ್ರಜ್ಞೆಯೂ

ಧರ್ಮವು ಒಪ್ಪದ ಪ್ರಣಯವನ್ನು ಚಿತ್ರಿಸುವ ಕೃತಿಯಲ್ಲಿ ಪಾಪ ಯಾವುದೆಂಬುದಕ್ಕಿಂತ ಪಾಪಪ್ರಜ್ಞೆ ಯಾರ ಪಾಲಿಗೆ ಬಂದಿದೆ ಎಂಬ ಪ್ರಶ್ನೆ ಮುಖ್ಯವಾದುದು. ಅಳುಕು, ವಿಚಾರ, ಪಶ್ಚಾತ್ತಾಪಗಳು ಯಾವ ಪಾತ್ರಕ್ಕೆ ಸಲ್ಲುತ್ತವೆಯೋ ಆ ಪಾತ್ರಕ್ಕೇ ಕವಿ ಪೂರ್ಣವಾದ ಅಂತರಂಗವನ್ನು ಕೊಟ್ಟಿರುತ್ತಾನೆ. ಈ ದೃಷ್ಟಿಯಿಂದ ಕನ್ನಡದ ಮೂರು ಕೃತಿಗಳನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಜನ್ನನ ‘ಯಶೋಧರ ಚರಿತೆ’ 1209ರ ಕಾವ್ಯ. ರಾಣಿ ಅಮೃತಮತಿ ಅಷ್ಟಾವಂಕನೆಂಬ ಕುರೂಪಿ ಮಾವುತನ ಹಾಡಿಗೆ ಮರುಳಾಗುತ್ತಾಳೆ. ಅವರ ಕೂಟವನ್ನು ಕಣ್ಣಾರೆ ಕಂಡ ಯಶೋಧರನು ಕೊಲ್ಲಲು ಮನಸ್ಸಾದರೂ ತಡೆದುಕೊಳ್ಳುತ್ತಾನೆ. ಬಳಿಕ ತಾಯಿಯ ಮಾತಿಗೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಗೊಡುತ್ತಾನೆ. ಕಡಿದುದು ಹಿಟ್ಟನ್ನಾದರೂ ಸಂಕಲ್ಪ ಹಿಂಸೆಯದೇ. ಆದುದರಿಂದಲೇ ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ಎಷ್ಟು ಸೂಕ್ಷ್ಮವಾದ ತತ್ತ್ವ! ಆದರೆ ಗಂಡನಿಗೂ ಅತ್ತೆಗೂ ವಿಷವಿಕ್ಕಿದ ಅಮೃತಮತಿಗೆ ದೊರೆಯುವುದು ರೋಗ ಮತ್ತು ನರಕ ಮಾತ್ರ. ಯಶೋಧರನ ಜೀವಕ್ಕೆ ಕಡೆಗೆ ಅರಿವು ಲಭಿಸುತ್ತದೆ. ಅವಳಿಗೆ ಲಭಿಸುವುದು ದಂಡನೆ.

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ದಂಡನೆಯನ್ನು ಕೈಬಿಟ್ಟಿದೆ, ಹಂಚಿಕೆಯನ್ನು ಬಿಟ್ಟಿಲ್ಲ. ಕಾಡಿನ ಕತ್ತಲಲ್ಲಿ ಚಂದ್ರಿಯನ್ನು ಕೂಡಿದ ಪ್ರಾಣೇಶಾಚಾರ್ಯರು ಆಮೇಲೆ ಹೆಜ್ಜೆ ಹೆಜ್ಜೆಗೂ ತಮ್ಮನ್ನು ತಾವೇ ವಿಚಾರಣೆಗೆ ಗುರಿಪಡಿಸಿಕೊಳ್ಳುತ್ತಾರೆ. ಅತ್ತ ಚಂದ್ರಿಯು, ಶಾಸ್ತ್ರಜ್ಞರಿಂದ ಬಗೆಹರಿಯದೆ ಬಿದ್ದಿದ್ದ ನಾರಣಪ್ಪನ ಶವವನ್ನು ರಾತ್ರೋರಾತ್ರಿ ದಹನ ಮಾಡಿಸಿ ಊರು ಬಿಡುತ್ತಾಳೆ. ಕಾದಂಬರಿಯ ಧರ್ಮಕಾರ್ಯವನ್ನು ನೆರವೇರಿಸಿದವಳು ಅವಳೇ. ಆದರೂ ಧರ್ಮಜಿಜ್ಞಾಸೆ ಅವಳದಲ್ಲ. ಅವಳನ್ನು ಪಾಪದಿಂದ ಬಿಡಿಸುವ ಭರದಲ್ಲಿ ಲೇಖಕರು ವಿಚಾರದಿಂದಲೂ ಬಿಡಿಸಿಬಿಟ್ಟಿದ್ದಾರೆ.

ಇದರ ಚಲನಚಿತ್ರ ರೂಪಕ್ಕೂ ನಮ್ಮ ಊರಿಗೂ ನಂಟುಂಟು. ಚಿತ್ರಕಥೆಯನ್ನು ಬರೆದು ಆಚಾರ್ಯರ ಪಾತ್ರವನ್ನೂ ವಹಿಸಿದ ಗಿರೀಶ ಕಾರ್ನಾಡರು ಆಗ ಮದರಾಸಿನಲ್ಲಿ ಆಕ್ಸ್‌ಫರ್ಡ್ ಪ್ರಕಾಶನ ಸಂಸ್ಥೆಯ ಉದ್ಯೋಗದಲ್ಲಿದ್ದವರು; ಇಲ್ಲಿನ ‘ಮದ್ರಾಸ್ ಪ್ಲೇಯರ್ಸ್’ ರಂಗತಂಡದ ಒಡನಾಟದಲ್ಲಿದ್ದವರು. ಪಟ್ಟಾಭಿರಾಮ ರೆಡ್ಡಿಯವರು ನಿರ್ದೇಶಿಸಿದ ಈ ಚಿತ್ರವನ್ನು ಸೆನ್ಸಾರ್ ಮಂಡಳಿ ಮೊದಲು ತಡೆಹಿಡಿಯಿತು. ಕೊನೆಗೆ 1970ರ ಸಾಲಿನ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಅದಕ್ಕೇ ಸಂದಿತು. ಸ್ನೇಹಲತಾ ರೆಡ್ಡಿಯವರ ಚಂದ್ರಿ ಅಲ್ಲಿಯೂ ಬಹುಮಟ್ಟಿಗೆ ಮೌನಿಯೇ.

ಈ ಕೊರತೆಯನ್ನು ತುಂಬಿದುದು ಜನ್ನನ ಕಥೆಯನ್ನೇ ಮರಳಿ ಎತ್ತಿಕೊಂಡ ಕಾರ್ನಾಡರ ‘ಹಿಟ್ಟಿನ ಹುಂಜ’ (1980). ಇಲ್ಲಿನ ರಾಣಿ ಬಾಯಿಬಿಟ್ಟು ಮಾತನಾಡುತ್ತಾಳೆ; ಮಾವುತನ ಕೂಟಕ್ಕಾಗಿ ಪಶ್ಚಾತ್ತಾಪ ನಟಿಸಲು ಒಪ್ಪುವುದಿಲ್ಲ. ಹಿಟ್ಟಿನ ಹುಂಜದ ಬಲಿಯಲ್ಲಿ ಅಡಗಿರುವ ಹಿಂಸೆಯನ್ನು ಗುರುತಿಸುವವಳೂ ಅವಳೇ. ಸಂಕಲ್ಪವೇ ಕರ್ಮವೆಂಬ ಜನ್ನನ ತತ್ತ್ವ ಇಲ್ಲಿ ಮೊದಲ ಬಾರಿಗೆ ಹೆಣ್ಣಿನ ಅರಿವಾಗಿ ನುಡಿಯುತ್ತದೆ.

ಗಿಂಡಿಯಂಥ ಪರಸ್ಥಳದಲ್ಲಿ ನೆಲೆಸಿದ ನಾವು ಕುಲಾಚಾರಗಳನ್ನು ಊರಿನವರಿಗಿಂತ ಹೆಚ್ಚು ಬಿಗಿಯಾಗಿ ಕಾಯುವುದುಂಟು. ಕುಲವನ್ನೋ ಭಾಷೆಯನ್ನೋ ಮೀರಿದ ಪ್ರೇಮ ಮನೆಯೊಳಗೆ ಕಾಲಿಟ್ಟಾಗ ಹಿರಿಯರ ಸಂಕಟವನ್ನು ಎಲ್ಲರೂ ವಿಸ್ತಾರವಾಗಿ ಚರ್ಚಿಸುತ್ತಾರೆ; ಮಗಳ ಮನಸ್ಸನ್ನು ಕೇಳುವವರು ವಿರಳ. ತೀರ್ಪು ಕೊಡುವ ಮುನ್ನ ಅವಳಿಗೂ ಒಂದು ಅಂತರಂಗವುಂಟೆಂದು ಒಪ್ಪಬೇಕು. ಜನ್ನನಿಂದ ಕಾರ್ನಾಡರವರೆಗಿನ ಏಳೂವರೆ ಶತಮಾನಗಳಿಗೂ ಮಿಕ್ಕಿದ ದಾರಿ ಕಲಿಸುವ ಪಾಠ ಇದೇ.